ಅಪರಂಜಿಯಂಥ ಹುಡುಗ

"ಗುರುಗಳೇ, ಈ ಸಂಗತಿ ಮೂರು ಪುಸ್ತಕಗಳಲ್ಲಿದೆ. ಮೂರರಲ್ಲೂ ಒಂದೇ ಮಾತು. ಅದನ್ನು ನನ್ನ ಪ್ರಬಂಧದಲ್ಲಿ ಬರೆಯುವಾಗ ಎಲ್ಲಿಂದ ತೆಗೆದುಕೊಂಡೆ ಎಂದು ಅಡಿಟಿಪ್ಪಣಿ ಏಕೆ ಹಾಕಬೇಕು?" ಎಂದು ಶಿಷ್ಯ ಕೇಳಿದ. ಗುರುಗಳು ಒಂದು ಕತೆ ಹೇಳಿದರು.

ಒಬ್ಬ ರೈತನಿಗೆ ಒಬ್ಬಳೇ ಮಗಳು. ಅವಳೆಂದರೆ ಅವನಿಗೆ ಪಂಚಪ್ರಾಣ. ದೂರದ ಊರಿನಿಂದ ಒಂದು ಸಂಬಂಧ ಬಂತು. ಹುಡುಗ ಪಟ್ಟಣದಲ್ಲಿ ಅಂಗಡಿ ಇಟ್ಟಿದ್ದ, ಊರಿಗೆ ಬರುವುದು ಅಪರೂಪ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುವ ಲೋಕವಿದು. ರೈತ ಸುಮ್ಮನೆ ತಲೆಯಾಡಿಸುವವನಲ್ಲ. ವಿಚಾರಿಸಲು ತಾನೇ ಆ ಊರಿಗೆ ಹೋದ. ಹುಡುಗನ ನೆಂಟರನ್ನು ಮಾತ್ರ ಬೇಕೆಂದೇ ಕೇಳಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು, ನೆಂಟರು ಹೊಗಳದೆ ಇರುತ್ತಾರೆಯೇ?

ಪೂಜಾರಿಯನ್ನು ಕೇಳಿದ. "ಅಪರಂಜಿಯಂಥ ಹುಡುಗ, ಕಣ್ಣು ಮುಚ್ಚಿ ಕೊಡಪ್ಪ" ಎಂದರು. ಕಮ್ಮಾರನೂ ಅಪರಂಜಿ ಎಂದ. ಎಣ್ಣೆ ವ್ಯಾಪಾರಿಯೂ ಅದನ್ನೇ ಹೇಳಿದ. ಮೂವರ ಬಾಯಲ್ಲೂ ಒಂದೇ ಮಾತು ಬಂದದ್ದು ಕೇಳಿ ರೈತನಿಗೆ ಹಿಗ್ಗೋ ಹಿಗ್ಗು. ಪಟ್ಟಣಕ್ಕೂ ಹೋಗಿ ನೋಡಬೇಕೆಂದಿದ್ದ. ಇನ್ನೇಕೆ ಎಂದು ಮನೆಗೆ ಹಿಂದಿರುಗಿದ.

ಮದುವೆಯಾಯಿತು. ಮಗಳು ಪಟ್ಟಣದ ಮನೆಗೆ ಹೋದಾಗ ಅಲ್ಲಿ ಆಗಲೇ ಒಬ್ಬ ಹೆಂಡತಿ ಇದ್ದಳು. ಮಗಳು ಅಳುತ್ತ ತವರಿಗೆ ಮರಳಿದಳು. ಒಂದು ಸಂಗತಿ ರೈತನನ್ನು ಕೊರೆಯುತ್ತಲೇ ಇತ್ತು. ಎಂದೂ ಕಂಡರಿಯದ ತನಗೆ ಮೂವರು ಸೇರಿ ಮೋಸ ಮಾಡುವುದಾದರೂ ಏಕೆ? ತಿಳಿಯಲೇಬೇಕೆಂದು ಮತ್ತೆ ಆ ಊರಿಗೆ ಹೊರಟ.

"ಪೂಜಾರಿಗಳೇ, ನೀವು ಹುಡುಗನನ್ನು ಎಲ್ಲಿ ನೋಡಿದ್ದಿರಿ?"

"ನಾನೆಲ್ಲಿ ನೋಡಿದೆನಪ್ಪ! ಕಮ್ಮಾರ ಹೇಳಿದ್ದ."

ಕಮ್ಮಾರನಿಗೆ ಎಣ್ಣೆ ವ್ಯಾಪಾರಿ ಹೇಳಿದ್ದ. ಎಣ್ಣೆ ವ್ಯಾಪಾರಿಗೆ ಹೇಳಿದವನು ಹುಡುಗನ ಸೋದರಮಾವ. ರೈತ ಯಾರ ಮಾತು ಕೇಳಬಾರದೆಂದು ದೂರವಿಟ್ಟಿದ್ದನೋ, ಅವನ ಮಾತನ್ನೇ ಮೂರು ಸಲ ಕೇಳಿ ಬಂದಿದ್ದ.

ಕತೆ ಮುಗಿಯಿತು. ಶಿಷ್ಯ, "ಹಾಗಾದರೆ ಆ ಮೂವರೂ ಸುಳ್ಳುಗಾರರೇ?" ಎಂದು ಕೇಳಿದ.

"ಅಲ್ಲ, ಯಾರಿಂದ ಕೇಳಿದೆವೆಂದು ಹೇಳಲಿಲ್ಲ, ಅಷ್ಟೆ. ನೀನೂ ಹೇಳದಿದ್ದರೆ, ನಾಳೆ ನಿನ್ನ ಪ್ರಬಂಧ ಓದುವವನು ನಿನ್ನನ್ನು ನಾಲ್ಕನೆಯವನೆಂದು ಎಣಿಸುತ್ತಾನೆ" ಎಂದರು ಗುರುಗಳು.