ಮರಕುಟಿಗ ತಟ್ಟಿ ಕಾಯುವುದು ಯಾಕೆ

ಭೂಮಿ ಇನ್ನೂ ಹಸಿಯಾಗಿತ್ತು ಮಗಾ, ಬೆಟ್ಟಗಳು ಆಗಷ್ಟೇ ಬಂದು ಕೂತಿದ್ದವು. ಆಗ ಎಲ್ಲಕ್ಕೂ ಮಾತು ಬರುತ್ತಿತ್ತು. ಗಾಳಿ ಮಾತಾಡುತ್ತಿತ್ತು, ಹಳ್ಳ ಮಾತಾಡುತ್ತಿತ್ತು, ಮರ ಮಾತಾಡುತ್ತಿತ್ತು. ಕಡಿದು ಕೊಯ್ದು ಹಲಗೆ ಮಾಡಿದ ಮೇಲೂ ಮರಕ್ಕೆ ಮಾತು ಮರೆತಿರಲಿಲ್ಲ. ತಟ್ಟಿ ಕೇಳಿದರೆ ಉತ್ತರ ಕೊಡುತ್ತಿತ್ತು. ಆದರೆ ಮರಕುಟಿಗ ಅನ್ನೋ ಹಕ್ಕಿ ಮಾತ್ರ ಆಗ ಲೋಕದಲ್ಲಿ ಒಂದೂ ಇರಲಿಲ್ಲ. ಯಾಕಿರಲಿಲ್ಲ ಅಂತ ಈಗಲೇ ಬಾಯಿ ಹಾಕಬೇಡ, ಅಲ್ಲಿಗೇ ಬರ್ತಿದ್ದೀನಿ.

ಒಂದು ಬಂಡೆಬೆಟ್ಟ. ಅದರ ಬುಡದಲ್ಲಿ ಹತ್ತು ಗುಡಿಸಲಿನ ಒಂದು ಹಟ್ಟಿ. ಆ ಹಟ್ಟಿಯಲ್ಲಿ ಪಾಲಯ್ಯ ಅಂತ ಒಬ್ಬ ಬಿಲ್ಲು ಮಾಡುವವನಿದ್ದ. ಹೆಂಡತಿ ತೀರಿಕೊಂಡು ಬಹಳ ವರ್ಷ ಆಗಿತ್ತು. ಇದ್ದವಳು ಒಬ್ಬಳೇ ಮಗಳು, ಸೂರವ್ವ. ಹಟ್ಟಿಯ ಬಾವಿ ಹತ್ತಾಳು ಆಳ. ಮುದುಕರು, ಬಾಣಂತಿಯರು, ಕೈಲಾಗದವರು, ಎಲ್ಲರ ಮನೆಗೂ ನೀರು ಸೇದುವವಳು ಅವಳೇ. ಸೇದಿ ಸೇದಿ ಅವಳ ತೋಳು ಒನಕೆಯ ಹಾಗೆ ಗಟ್ಟಿಯಾಗಿದ್ದವು.

ಪಾಲಯ್ಯನ ಕಸುಬಿಗೆ ಒಂದು ಕಟ್ಟುಪಾಡು ಇತ್ತು. ಬಿಲ್ಲಿನ ಮರವನ್ನು ತುದಿಯಿಂದ ತುದಿಗೆ, ಗೇಣುಗೇಣಿಗೂ, ಬೆರಳ ಗೆಣ್ಣಿನಿಂದ ತಟ್ಟಬೇಕು. ತಟ್ಟಿ ಕಿವಿ ಇಡಬೇಕು. ಕಿವಿ ಇಟ್ಟು ಕಾಯಬೇಕು. "ಗಟ್ಟಿ ಇದ್ದೀನಿ" ಅಂತ ಮರ ಹೇಳಿದರೆ ಮುಂದಿನ ಗೇಣು. ಹೇಳದಿದ್ದರೆ ಆ ಮರ ಒಲೆಗೆ.

ಇನ್ನೊಂದಿತ್ತು. ಬಿಲ್ಲು ಆದ ಮೇಲೆ ಅದನ್ನು ಹೊಂಗೆಮರದ ಕವಲಿಗೆ ಸಿಕ್ಕಿಸಿ, ಹೆದೆಗೆ ನೀರು ತುಂಬಿದ ಕೊಡ ತೂಗುಹಾಕಬೇಕು. ಎಳೆಯುವವರ ಬಲ ಎಷ್ಟು ಕೊಡವೋ ಅಷ್ಟು ಕೊಡ, ಅದರ ಮೇಲೆ ಇನ್ನೊಂದು. ಆ ಹೆಚ್ಚಿನ ಕೊಡಕ್ಕೆ ಜೀವದ ಕೊಡ ಅಂತ ಹೆಸರು. ಅದನ್ನೂ ತಡೆದುಕೊಂಡ ಬಿಲ್ಲನ್ನು ಮಾತ್ರ ಕೈಗೆ ಕೊಡುತ್ತಿದ್ದರು.

ಆ ವರ್ಷ ಹಂದಿ ಬಂತು. ಸುಮ್ಮನೆ ಹಂದಿಯಲ್ಲ. ಮರದ ಅಂಟಿಗೆ ಮೈ ಉಜ್ಜಿ, ಮರಳಲ್ಲಿ ಹೊರಳಿ, ಮತ್ತೆ ಅಂಟು, ಮತ್ತೆ ಮರಳು, ಹೀಗೇ ಮಾಡಿ ಮಾಡಿ ಅದರ ಚರ್ಮ ಬಂಡೆಯಾಗಿ ಹೋಗಿತ್ತು. ಮೂರು ಕೊಡದ ಬಿಲ್ಲಿನ ಬಾಣ ತಾಗಿ ಜಾರಿಬಿತ್ತು. ನಾಲ್ಕು ಕೊಡದ ಬಿಲ್ಲಿನದ್ದೂ ಜಾರಿಬಿತ್ತು. ಹದಿನೈದು ದಿನಕ್ಕೆ ಹಟ್ಟಿಯಲ್ಲಿ ಐದು ಹೆಣ ಬಿದ್ದವು.

ಹಟ್ಟಿಯ ಹಿರಿಯರು ಪಾಲಯ್ಯನ ಮುಂದೆ ಬಂದು ಕೂತರು. "ಏಳು ಕೊಡದ ಬಿಲ್ಲು ಮಾಡಿಕೊಡು. ಇಲ್ಲದಿದ್ದರೆ ಉಳಿದವರೂ ಉಳಿಯಲ್ಲ" ಅಂದರು.

"ಮಾಡಬಹುದು. ಎಳೆಯೋರು ಯಾರು?" ಅಂದ ಪಾಲಯ್ಯ.

ಸೂರವ್ವ ಬಾವಿಯ ಹಗ್ಗ ಸುತ್ತಿಡುತ್ತಿದ್ದಳು. ಕೈ ಒರೆಸಿಕೊಂಡು, "ನಾನು ಎಳೀತೀನಿ" ಅಂದಳು. ಬೇಡ ಅನ್ನೋಣ ಅಂದುಕೊಂಡ ಪಾಲಯ್ಯ. ಆದರೆ ಹಟ್ಟಿಯಲ್ಲಿ ಅಷ್ಟು ಬಲ ಇದ್ದದ್ದು ಅವಳೊಬ್ಬಳಿಗೇ, ಅದು ಅವನಿಗೂ ಗೊತ್ತಿತ್ತು.

ಪಾಲಯ್ಯ ಕಾಡಿಗೆ ಹೋಗಿ ತಡಸಲು ಮರವನ್ನು ಕೇಳಿದ. ಮರ ಹೇಳಿತು, "ಕಡಿದುಕೋ, ಬೇಡ ಅನ್ನಲ್ಲ. ಆದರೆ ನಾನು ಒಣಗೋಕೆ ಒಂದು ವರ್ಷ ಬೇಕು. ಹಸಿ ಮರ ಬಾಗಿದರೆ ಬಾಗಿದ ಹಾಗೇ ಉಳೀತದೆ, ತಿರುಗಿ ಚಿಮ್ಮಲ್ಲ."

ವರ್ಷ ಎಲ್ಲಿಂದ ತರೋದು? ಪಾಲಯ್ಯ ಬರಿಗೈಲಿ ಮನೆಗೆ ಬಂದ. ಬಂದವನ ಕಣ್ಣು ಮನೆಯ ಬಾಗಿಲ ಮೇಲೆ ನಿಂತಿತು. ತಡಸಲಿನ ಬಾಗಿಲು. ಹೆಂಡತಿ ಮನೆಗೆ ಬಂದ ವರ್ಷ ಮಾಡಿದ್ದು. ಇಪ್ಪತ್ತು ವರ್ಷ ಒಲೆಯ ಹೊಗೆ ಕುಡಿದು ಒಣಗಿತ್ತು. ಅದರಲ್ಲಿ ಆಳುದ್ದಕ್ಕಿಂತ ಒಂದು ಗೇಣು ಹೆಚ್ಚಿನ ಮೂರು ಹಲಗೆಗಳಿದ್ದವು. ಬಾಗಿಲು ಕಿತ್ತು ಅಂಗಳಕ್ಕೆ ತಂದ.

ಮೊದಲ ಹಲಗೆ ತಟ್ಟಿದ, ಕಿವಿ ಇಟ್ಟ, ಕಾದ. "ನನ್ನ ಎಳೆ ಅಡ್ಡ ಹೋಗಿದೆ. ಕೊಯ್ದವನು ಓರೆಯಾಗಿ ಕೊಯ್ದ" ಅಂದಿತು ಅದು. ನೋಡಿದರೆ ನಿಜ. ಮರದ ಎಳೆಗಳು ನಡುವಿಗೇ ಅಂಚಿನಿಂದ ಆಚೆ ಓಡಿಹೋಗಿದ್ದವು. ಬಾಗಿಸಿದರೆ ಸೀಳಿಬಿಡುತ್ತಿತ್ತು.

ಎರಡನೇ ಹಲಗೆ ತಟ್ಟಿದ, ಕಿವಿ ಇಟ್ಟ, ಕಾದ. "ನನ್ನ ಹೊಟ್ಟೇಲಿ ಗಂಟಿದೆ" ಅಂದಿತು ಅದು.

ಮೂರನೇ ಹಲಗೆ ತಟ್ಟಿದ. "ಗಟ್ಟಿ ಇದ್ದೀನಿ." ಮುಂದಿನ ಗೇಣು. "ಗಟ್ಟಿ ಇದ್ದೀನಿ." ಎಳೆಗಳು ತುದಿಯಿಂದ ತುದಿಗೆ ಹುರಿ ಎಳೆದ ಹಾಗೆ ನೆಟ್ಟಗಿದ್ದವು. ಪಾಲಯ್ಯನ ಮುಖ ಅರಳಿತು. ಕೆಳಕ್ಕೆ ಬಂದು ಏಳನೇ ಗೇಣು ತಟ್ಟಿದ. ದೊಬ್ ಅಂತು. ಹಲಗೆ ಸಣ್ಣ ದನಿಯಲ್ಲಿ, "ಪಾಲಯ್ಯ, ಇಲ್ಲಿ ನನ್ನ ಹುಳ ತಿಂದಿದೆ" ಅಂದಿತು.

"ಇಷ್ಟೇ ಇಷ್ಟು ಜಾಗ" ಅಂದ ಪಾಲಯ್ಯ.

"ಇಷ್ಟೇ ಇಷ್ಟು ಜಾಗದಲ್ಲೇ ನಾನು ಮುರಿಯೋದು" ಅಂದಿತು ಹಲಗೆ.

ಪಾಲಯ್ಯ ಸುತ್ತ ನೋಡಿದ. ಹಟ್ಟಿಯಲ್ಲಿ ಬೇರೆ ಯಾವ ಮನೆಗೂ ಮರದ ಬಾಗಿಲಿರಲಿಲ್ಲ, ಎಲ್ಲ ಬಿದಿರ ತಡಿಕೆ. ಇದ್ದದ್ದು ಇದೊಂದೇ ಹಲಗೆ. ಕೇಳಿದ್ದನ್ನು ಕೇಳಿಲ್ಲ ಅಂದುಕೊಂಡ. ಗಾಳಿಯ ಸದ್ದಿರಬೇಕು ಅಂದುಕೊಂಡ. ಪಕ್ಕದಲ್ಲೇ ಕೂತಿದ್ದ ಗಾಳಿ, "ನಾನು ಬಾಯಿ ಬಿಟ್ಟಿಲ್ಲ" ಅಂತು. ಅದನ್ನೂ ಅವನು ಕೇಳಿಸಿಕೊಳ್ಳಲಿಲ್ಲ.

ಹಲಗೆಯನ್ನು ಕೆತ್ತಿದ. ನಡುವೆ ಹಿಡಿಯಷ್ಟು ದಪ್ಪ, ತುದಿಗೆ ಬೆರಳಷ್ಟು. ಚರ್ಮ ಕುದಿಸಿ ಅಂಟು ಮಾಡಿದ. ಜಿಂಕೆಯ ನರಗಳನ್ನು ಜಜ್ಜಿ, ನಾರು ಬಿಡಿಸಿ, ಅಂಟಲ್ಲಿ ಅದ್ದಿ, ಬಿಲ್ಲಿನ ಬೆನ್ನಿಗೆ ಉದ್ದಕ್ಕೂ ಹಚ್ಚಿದ. ಏಳನೇ ಗೇಣಿಗೆ ಬಂದಾಗ ಅಲ್ಲಿ ಮಾತ್ರ ಎರಡು ಪದರ ಹಚ್ಚಿ, ಸುತ್ತಲೂ ದಾರ ಸುತ್ತಿದ. ಈಗ ಹೊರಗೆ ಏನೂ ಕಾಣುತ್ತಿರಲಿಲ್ಲ. ಎಂಟು ದಿನ ನೆರಳಲ್ಲಿ ಒಣಗಿತು. ಆ ಎಂಟು ದಿನ ಅಪ್ಪ ಮಗಳು ಬಾಗಿಲಿಲ್ಲದ ಮನೆಗೆ ಮುಳ್ಳು ಅಡ್ಡ ಇಟ್ಟು ಮಲಗಿದರು.

ಒಂಬತ್ತನೇ ದಿನ ಬಿಲ್ಲನ್ನು ಹೊಂಗೆಯ ಕವಲಿಗೆ ಸಿಕ್ಕಿಸಿದರು. ಪಾಲಯ್ಯ ಒಂದು ಕೊಡ ತೂಗುಹಾಕಿ, ದೂರ ನಿಂತು ನೋಡಿದ. ಬಿಲ್ಲಿನ ಮೇಲಿನ ತೋಳು ಬಿಗಿ, ಕೆಳಗಿನದು ಸಡಿಲ. ಕಲ್ಲಿನ ಚೂರಿಂದ ಬಿಗಿಯಾದ ತೋಳಿನ ಒಳಮೈ ಹೆರೆದ. ಎರಡು ಕೊಡ ಹಾಕಿದ, ನೋಡಿದ, ಹೆರೆದ. ಹೀಗೇ ಬೆಳಗಿಂದ ಮಧ್ಯಾಹ್ನದವರೆಗೆ. ಏಳನೇ ಕೊಡಕ್ಕೆ ಎರಡು ತೋಳೂ ಸಮ ಬಾಗಿದವು. ನೋಡೋಕೆ ಎಷ್ಟು ಚೆಂದ ಇತ್ತು ಅಂದರೆ ಹಟ್ಟಿಯವರೆಲ್ಲ ಕೆಲಸ ಬಿಟ್ಟು ಬಂದು ನೋಡಿದರು.

ಸೂರವ್ವ ಎಂಟನೇ ಕೊಡ ತುಂಬಿಕೊಂಡು ಬಂದಳು. "ಅಪ್ಪ, ಜೀವದ ಕೊಡ."

ಪಾಲಯ್ಯ ಬಿಲ್ಲನ್ನು ಕವಲಿಂದ ಇಳಿಸಿಬಿಟ್ಟ. "ಬೇಡ ಬಿಡು. ಮರ ಎಲ್ಲ ಗೇಣಿಗೂ ಗಟ್ಟಿ ಅಂತ ಹೇಳಿದೆ."

"ಎಲ್ಲ ಗೇಣಿಗೂ?"

"ಎಲ್ಲ ಗೇಣಿಗೂ" ಅಂದ. ನೋಡು ಮಗಾ, ಅವಳು ಹುಟ್ಟಿದಾಗಿಂದ ಅವನು ಮಗಳಿಗೆ ಹೇಳಿದ ಸುಳ್ಳು ಅದೊಂದೇ. ಅವಳು ನಂಬಿದಳು. ಕೊಡದ ನೀರನ್ನು ಹೊಂಗೆಯ ಬುಡಕ್ಕೆ ಸುರಿದಳು.

ಮಾರನೆಯ ಬೆಳಿಗ್ಗೆ, ಬಿಸಿಲು ಏರುವ ಹೊತ್ತಿಗೆ, ಹಂದಿ ಬಾವಿಯ ಹಾದಿಯಲ್ಲಿ ಬಂತು. ಸೂರವ್ವ ಹಾದಿಯ ನಡುವೆ ನಿಂತಳು. ಪಾಲಯ್ಯ ನಲವತ್ತು ಹೆಜ್ಜೆ ಹಿಂದೆ, ಬಂಡೆಯ ಮರೆಯಲ್ಲಿದ್ದ. ಅವಳು ಬಾವಿಯ ಹಗ್ಗ ಎಳೆಯುವ ಹಾಗೇ ಹೆದೆಯನ್ನು ಕಿವಿಯವರೆಗೆ ಎಳೆದಳು. ಬಾಣ ಹೋಯಿತು. ಜಾರಲಿಲ್ಲ. ಬಂಡೆಯಂಥ ಚರ್ಮ ಸೀಳಿ, ಗರಿಯವರೆಗೆ ಒಳಗೆ ಹೋಯಿತು.

ಹಂದಿ ನಿಂತಿತು. ಆಮೇಲೆ ಅವಳ ಕಡೆಗೇ ಓಡಿಬಂತು. ಸೂರವ್ವ ಹೆದರಲಿಲ್ಲ, ಎರಡನೇ ಬಾಣ ಹೂಡಿ ಇನ್ನೂ ಜೋರಾಗಿ ಎಳೆದಳು. ಆಗ ಬಿಲ್ಲು ಮಾತಾಡಿತು. "ಇಲ್ಲೇ ಪಾಲಯ್ಯ" ಅಂತು. ಏಳನೇ ಗೇಣಿಗೆ ಫಟಾರನೆ ಮುರಿಯಿತು.

ಪಾಲಯ್ಯ ಓಡಿದ. ಹಂದಿ ಅವಳನ್ನು ತಿವಿದು, ದಾಟಿ, ಹಳ್ಳದ ಕಡೆ ಹೋಗಿಯಾಗಿತ್ತು. ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ. ಅವಳು ಕಣ್ಣು ತೆರೆದು ಕೇಳಿದಳು, "ಅಪ್ಪ, ನಾನು ಜಾಸ್ತಿ ಎಳೆದುಬಿಟ್ಟೆನಾ?"

ಇಲ್ಲ ಅನ್ನಬೇಕಿತ್ತು. ತಪ್ಪು ನಂದು ಅನ್ನಬೇಕಿತ್ತು. ಅವನು ಅವಳ ಗಾಯಕ್ಕೆ ಬಟ್ಟೆ ಒತ್ತುತ್ತಾ ಕೂತ. ಬಾಯಿ ತೆರೆಯುವ ಹೊತ್ತಿಗೆ ಅವಳ ಕಣ್ಣು ನಿಂತಿದ್ದವು. ಅವನು ಅವಳ ಎದೆಗೆ ತಲೆ ಆನಿಸಿದ. ಬೆರಳ ಗೆಣ್ಣಿನಿಂದ ತಟ್ಟಿದ, ಕಿವಿ ಇಟ್ಟ, ಕಾದ. ಸಂಜೆಯವರೆಗೆ ಕಾದ. ಉತ್ತರ ಬರಲಿಲ್ಲ. ಅವನು ತಲೆ ಎತ್ತಿದಾಗ ನೆತ್ತಿಯ ತುಂಬ ಅವಳ ರಕ್ತ ಇತ್ತು.

ಹಂದಿ ಹಳ್ಳದ ದಂಡೆಯಲ್ಲಿ ಸತ್ತು ಬಿದ್ದಿದೆ ಅಂತ ಹಳ್ಳವೇ ಬಂದು ಹೇಳಿತು. ಹಟ್ಟಿ ಉಳಿಯಿತು. ಜನ ಅತ್ತರು, ಆಮೇಲೆ ಪಾಲಯ್ಯನ ಕೈ ಹಿಡಿದು, "ಎಂಥ ಬಿಲ್ಲು ಮಾಡಿದ್ದೆಯಪ್ಪ, ನಮ್ಮನ್ನೆಲ್ಲ ಉಳಿಸಿತು" ಅಂದರು.

"ಹುಳ ಇತ್ತು. ನನಗೆ ಗೊತ್ತಿತ್ತು" ಅಂದ ಪಾಲಯ್ಯ. ಸಂಕಟದಲ್ಲಿ ಏನೋ ಬಡಬಡಿಸುತ್ತಾನೆ ಅಂದುಕೊಂಡರು ಅವರು. ಒಬ್ಬರೂ ಬೈಯಲಿಲ್ಲ. ಬೈದಿದ್ದರೆ ಅವನು ಹಟ್ಟಿಯಲ್ಲೇ ಉಳಿಯುತ್ತಿದ್ದನೋ ಏನೋ.

ಅವನು ಕಾಡಿಗೆ ನಡೆದ. ಮೊದಲು ಸಿಕ್ಕ ಮರ ತಟ್ಟಿದ. "ನಿನ್ನೊಳಗೆ ಹುಳ ಇದೆಯಾ? ಹೇಳು, ಈ ಸಲ ಕೇಳ್ತೀನಿ." ಮರ ಮಾತಾಡಲಿಲ್ಲ. ಬಾಗಿಲ ಹಲಗೆಯ ಸುದ್ದಿಯನ್ನು ಗಾಳಿ ಆಗಲೇ ಎಲ್ಲ ಮರಕ್ಕೂ ಹೇಳಿತ್ತು. ಹೇಳಿದ್ದನ್ನು ಕೇಳದವರಿಗೆ ಹೇಳಿ ಏನು ಬಂತು ಅಂತ ಮರಗಳೆಲ್ಲ ಅವತ್ತೇ ಮಾತು ಬಿಟ್ಟಿದ್ದವು. ಸದ್ದು ಮಾತ್ರ ಉಳಿದಿತ್ತು.

ಪಾಲಯ್ಯ ಬಿಡಲಿಲ್ಲ. ಗೆಣ್ಣು ಸವೆಯುವವರೆಗೆ ತಟ್ಟಿದ. ಗೆಣ್ಣು ಸವೆದ ಮೇಲೆ ಮೂಗಿಂದ ತಟ್ಟಿದ. ಮೂಗು ಮೊನೆಯಾಗಿ ಕೊಕ್ಕಾಯಿತು. ಮರವನ್ನು ತಬ್ಬಿ ತಬ್ಬಿ ಕಾಲಿನ ಬೆರಳು ಬಾಗಿ ಹಕ್ಕಿಯ ಉಗುರಾಯಿತು. ಊಟ ಇಲ್ಲದೆ ಮೈ ಹಿಡಿಯಷ್ಟಾಯಿತು. ಗಾಳಿ ಕನಿಕರಪಟ್ಟು ಹೆಗಲಿಗೆ ಎರಡು ರೆಕ್ಕೆ ಹಚ್ಚಿತು. ಹಳ್ಳ ಅವನನ್ನು ಕರೆದು ಮೈ ತೊಳೆಯಿತು. ಎಲ್ಲ ಹೋಯಿತು, ನೆತ್ತಿಯ ಕೆಂಪು ಮಾತ್ರ ಹೋಗಲಿಲ್ಲ.

ಅದಕ್ಕೇ ಮಗಾ, ಆ ಹಕ್ಕಿಯ ನೆತ್ತಿ ಇವತ್ತಿಗೂ ಕೆಂಪು. ಅದಕ್ಕೇ ಅದು ಮರದ ಬುಡದಿಂದ ತುದಿಯವರೆಗೆ ಒಂದು ಗೇಣೂ ಬಿಡದೆ ಹತ್ತುತ್ತದೆ, ದೊಬ್ ಅಂದ ಕಡೆ ನಿಂತು, ಕೊರೆದು, ಹುಳವನ್ನು ಹೊರಗೆಳೆಯದೆ ಮುಂದೆ ಹೋಗುವುದಿಲ್ಲ. ನೀನು ಬೆಳಿಗ್ಗೆ ಬೇಲಿಯಾಚೆಯ ಮರದಲ್ಲಿ ನೋಡಿದೆಯಲ್ಲ, ಹಾಗೇ ತಟ್ಟುತ್ತದೆ, ತಲೆ ವಾಲಿಸಿ ಕಿವಿ ಇಡುತ್ತದೆ, ಕಾಯುತ್ತದೆ.