ಮೇಷ್ಟ್ರ ಕಾರು ಸೋರುತ್ತಿತ್ತು

ಹೊಳೆದಂಡೆಯಲ್ಲಿ ಒಂದು ಗ್ಯಾರೇಜು. ತಗಡಿನ ಚಪ್ಪರ, ಒಂದು ಹುಣಸೆಮರ, ಅಷ್ಟೇ. ಅಲ್ಲಿ ಇಮಾಂಸಾಬ್ ಉಸ್ತಾದರು ಗುರು, ಓಬಳೇಶ ಶಿಷ್ಯ. ಗ್ಯಾರೇಜಿನಲ್ಲಿ ಎಂಥ ಗುರು, ಎಂಥ ಶಿಷ್ಯ ಅಂತ ಮೂಗು ಮುರಿಯುವವರು ಮುರಿಯಲಿ. ಹನ್ನೆರಡು ವರ್ಷ ಒಬ್ಬರ ಕಾಲಬಳಿ ಕೂತು ಕಲಿತರೆ ಅದೇ ಆಶ್ರಮ.

ಉಸ್ತಾದರದೊಂದು ಪದ್ಧತಿಯಿತ್ತು. ಶಿಷ್ಯ ಸ್ವಂತ ಗ್ಯಾರೇಜು ಹಾಕುವ ಮುಂಚೆ ಅವನಿಗೊಂದು ಕಡೇ ಕೆಲಸ ಕೊಡುವರು. ಅದು ಒಪ್ಪಿಗೆಯಾದರೆ ತಮ್ಮ ಸ್ಪ್ಯಾನರನ್ನು ಅವನ ಕೈಗಿಡುವರು. ಅದಿಲ್ಲದವನ ಹತ್ತಿರ ಆ ಸೀಮೆಯಲ್ಲಿ ಯಾರೂ ಗಾಡಿ ಬಿಡುತ್ತಿರಲಿಲ್ಲ.

ಓಬಳೇಶನ ಸರದಿ ಬಂತು. ಉಸ್ತಾದರು ಮರದಡಿ ನಿಂತಿದ್ದ ಬಿಳಿ ಕಾರು ತೋರಿಸಿದರು.

"ಎಂಜಿನ್ ಕೆಳಗಿನ ಆಯಿಲ್ ಚೇಂಬರ್ ತುಕ್ಕು ಹಿಡಿದು ಸೋರ್ತಿದೆ. ಸರಿ ಮಾಡು."

ಓಬಳೇಶ ಒಂದು ಹೆಜ್ಜೆ ಹಿಂದೆ ಸರಿದ. ಅದು ಕೊಟ್ರಯ್ಯ ಮೇಷ್ಟ್ರ ಕಾರು. ಹೋದ ಮಳೆಗಾಲದಲ್ಲಿ ತಗ್ಗಿನ ಸೇತುವೆ ಮೇಲೆ ಕಾರು ನಿಲ್ಲಿಸಿ ಇಳಿದ ಮೇಷ್ಟ್ರನ್ನು ಹೊಳೆ ಎಳಕೊಂಡು ಹೋಗಿತ್ತು; ಕಾರು ಮಾತ್ರ ಉಳಿದಿತ್ತು. ಯಾಕೆ ಇಳಿದರೋ ಊರಿಗೆ ಗೊತ್ತಿರಲಿಲ್ಲ. ಅದರ ಹಿಂದಿನ ದಿನ, ಉಸ್ತಾದರು ಊರಲ್ಲಿಲ್ಲದಾಗ, ಇದೇ ಚೇಂಬರಿಗೆ ಅರ್ಧ ಗಂಟೆಯಲ್ಲಿ ತೂತು ಮುಚ್ಚುವ ಪುಟ್ಟಿ ಮೆತ್ತಿ ಕಳಿಸಿದವನು ಓಬಳೇಶ. ಆ ವಿಷಯ ಅವನು ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ.

"ಇದನ್ನ ಬಿಚ್ಚಿ ಹೊಸದು ಹಾಕಿಬಿಡೋಣ ಉಸ್ತಾದ್."

"ಬಿಚ್ಚಬೇಡ. ಅಡಿಯಲ್ಲಿ ಮಲಗು, ಇರೋದನ್ನೇ ಸರಿ ಮಾಡು. ಮೇಷ್ಟ್ರ ಮಗಳಿಗೆ ಆಚೆ ದಡದ ಸ್ಕೂಲಲ್ಲಿ ಕೆಲಸ ಸಿಕ್ಕಿದೆ. ಸೋಮವಾರದಿಂದ ಆ ಸೇತುವೆ ಮೇಲೇ ಓಡಾಡ್ತಾಳೆ."

ಓಬಳೇಶ ಕಾರಿನಡಿ ತೂರಿ ಎಣ್ಣೆ ಇಳಿಸಿದ. ಧಾರೆ ಸಣ್ಣಗಾಗಿ ಹನಿಯಾಯಿತು. ಮಟಮಟ ಮಧ್ಯಾಹ್ನ, ಒಂದು ಕಾಗೆಯೂ ಕೂಗುತ್ತಿರಲಿಲ್ಲ. ಪಕ್ಕಕ್ಕೆ ತಿರುಗಿದರೆ ಕಾರಿನ ಬದಿಯಲ್ಲಿ ಎರಡು ಪಾದ. ಬರಿಗಾಲು, ಮೊಣಕಾಲವರೆಗೆ ಮಡಚಿದ ಪ್ಯಾಂಟು. ಪ್ಯಾಂಟಿನಿಂದ ನೀರು ಇಳಿಯುತ್ತಿತ್ತು.

"ಯಾರ್ರೀ ಅದು?"

ತೆವಳಿ ಹೊರಬಂದರೆ ಯಾರೂ ಇಲ್ಲ. ಕಾದ ಮಣ್ಣಿನ ಮೇಲೆ ಎರಡು ಒದ್ದೆ ಹೆಜ್ಜೆಗಳಿದ್ದವು.

"ಉಸ್ತಾದ್, ಯಾರಾದ್ರೂ ಬಂದಿದ್ರಾ?"

ಉಸ್ತಾದರು ಟೀ ಊದುತ್ತಾ ಕೂತಿದ್ದರು. "ಗಿರಾಕಿ ಇರಬೇಕು. ಗಾಡಿ ರೆಡಿಯಾಯ್ತಾ ಅಂತ ನೋಡೋಕೆ ಬಂದಿರ್ತಾರೆ."

ಮಾರನೇ ದಿನ ಓಬಳೇಶ ತಂತಿ ಬ್ರಷ್ಷು ಹಿಡಿದು ಅಡಿಗೆ ಹೋದ. ನಾಲ್ಕು ಸಲ ಉಜ್ಜುವಷ್ಟರಲ್ಲಿ ಹಳೇ ಪುಟ್ಟಿ ಪೂರಾ ಕಿತ್ತು ಅಂಗೈಗೆ ಬಿತ್ತು. ಆಗ ಮತ್ತೆ ಆ ಪಾದ. ಈ ಸಲ ಮೊಣಕಾಲು ಬಾಗಿತ್ತು. ಅದರ ಮೇಲೊಂದು ಕೈ ಊರಿತ್ತು. ಅಷ್ಟು ನೀರು ಇಳಿಯುತ್ತಿದ್ದರೂ ಬೆರಳಿನ ಸೀಮೆಸುಣ್ಣ ಹೋಗಿರಲಿಲ್ಲ.

ಓಬಳೇಶ ಎದ್ದೆನೋ ಬಿದ್ದೆನೋ ಅಂತ ಹೊರಗೆ ಬಂದ.

"ಕೈಯಲ್ಲೇನದು? ಕೊಡಿಲ್ಲಿ," ಎಂದರು ಉಸ್ತಾದರು. ಪುಟ್ಟಿಯ ಒಳಮೈ ಇನ್ನೂ ಎಣ್ಣೆಯಿಂದ ಜಾರುತ್ತಿತ್ತು. ಹೊರಮೈಯಲ್ಲಿ ಒತ್ತಿದ ಹೆಬ್ಬೆರಳ ಗುರುತು, ಅದಕ್ಕೆ ಅಡ್ಡಲಾಗಿ ಹಳೇ ಗಾಯದ ಗೀರು. ಅವರು ಓಬಳೇಶನ ಹೆಬ್ಬೆರಳು ಹಿಡಿದು ಅದರ ಮೇಲಿಟ್ಟರು. ಅದು ಸರಿಯಾಗಿ ಕೂತಿತು.

ಓಬಳೇಶ ಕುಸಿದು ಕೂತು ಅತ್ತುಬಿಟ್ಟ. "ಕೊನೇ ಹನಿ ಬೀಳೋ ತನಕ ಕಾಯಲಿಲ್ಲ ಉಸ್ತಾದ್. ಎಣ್ಣೆ ಒರೆಸಲಿಲ್ಲ, ತುಕ್ಕು ಕೆರೀಲಿಲ್ಲ. ಮೇಲೆ ಮೆತ್ತಿ, ಆಯ್ತು ಹೋಗಿ ಮೇಷ್ಟ್ರೇ ಅಂದೆ. ಸೇತುವೆ ಮೇಲೆ, ಎಂಜಿನ್ ಎಣ್ಣೆ ಕಮ್ಮಿ ಅಂತ ತೋರಿಸೋ ದೀಪ ಹತ್ತಿರಬೇಕು. ಇಳಿದು ಬಗ್ಗಿ ನೋಡಿರಬೇಕು. ಈಗಲೂ ಬಗ್ತಾನೇ ಇದಾರೆ ಉಸ್ತಾದ್. ನಾಳೆ ನನಗೆ ಮುಖ ಕಾಣ್ತದೆ!"

"ಇದನ್ನ ನನಗ್ಯಾಕೆ ಹೇಳ್ತೀಯ? ಗಾಡಿ ನಂದಾ?"

ಮೂರನೇ ದಿನ ಉಸ್ತಾದರು ಹೇಳುವ ಮೊದಲೇ ಓಬಳೇಶನೇ ಅಡಿಗೆ ಹೋಗಿ ಕೆರೆಯತೊಡಗಿದ. ಸೂಜಿ ಮೊನೆಯಷ್ಟಿದ್ದ ತೂತು ಅವರೆಕಾಳಷ್ಟಾಯಿತು.

"ಉಸ್ತಾದ್, ಕೆರೆದಷ್ಟೂ ತೂತು ದೊಡ್ಡದಾಗ್ತಿದೆ!"

"ಗಟ್ಟಿ ತಗಡು ಸಿಗೋ ತನಕ ಕೆರಿ."

ಕೆರೆದ. ತಗಡು ಬೆಳ್ಳಗೆ ಹೊಳೆಯುವ ತನಕ ಉಪ್ಪುಕಾಗದದಲ್ಲಿ ಉಜ್ಜಿದ, ಪೆಟ್ರೋಲ್ ಬಟ್ಟೆಯಲ್ಲಿ ಒರೆಸಿದ. ಆಗ ಪಕ್ಕದ ಬೆಳಕು ಮಂಕಾಯಿತು. ಮೊದಲು ಒದ್ದೆ ಕೂದಲು ಇಳಿಬಿತ್ತು. ಆಮೇಲೆ ಮೇಷ್ಟ್ರ ಮುಖ ಬಂತು.

ಆ ಮುಖದಲ್ಲಿ ಸಿಟ್ಟಿರಲಿಲ್ಲ. ಗಾಡಿ ಯಾವಾಗ ಆಗುತ್ತೆ ಅಂತ ಕೇಳಲು ಬಂದವರ ಮುಖ, ಅಷ್ಟೇ. ಓಬಳೇಶ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟ.

"ಆವತ್ತು ಆಗಿರಲಿಲ್ಲ ಮೇಷ್ಟ್ರೇ," ಎಂದ. "ಆಗಿದೆ ಅಂತ ಸುಳ್ಳು ಹೇಳಿದೆ. ತಪ್ಪಾಯ್ತು."

ಮೇಷ್ಟ್ರು ಅವನನ್ನು ನೋಡಲಿಲ್ಲ. ಚೇಂಬರನ್ನೇ ನೋಡುತ್ತಿದ್ದರು. ಓಬಳೇಶ ಅವರ ಕಣ್ಣೆದುರೇ ತೂತಿನ ಮೇಲೆ ತಗಡಿನ ಚೂರಿಟ್ಟ, ಹೊಸ ಪುಟ್ಟಿ ಕಲಸಿ ಸುತ್ತ ಒತ್ತಿದ. ಅಂಚು ಮುಚ್ಚಿ ತಿರುಗಿದಾಗ ಪಕ್ಕದಲ್ಲಿ ಬರೀ ಬಿಸಿಲಿತ್ತು.

ಒಂದು ಹಗಲು, ಒಂದು ರಾತ್ರಿ ಪುಟ್ಟಿ ಒಣಗಲು ಬಿಟ್ಟರು. ಆಮೇಲೆ ಎಣ್ಣೆ ತುಂಬಿ, ಕೆಳಗೆ ಪೇಪರು ಹಾಸಿ, ಗಂಟೆಗಟ್ಟಲೆ ಎಂಜಿನ್ ಓಡಿಸಿದರು. ಪೇಪರಿನ ಮೇಲೆ ಒಂದು ಹನಿಯೂ ಬೀಳಲಿಲ್ಲ.

ಉಸ್ತಾದರು ತಮ್ಮ ಸ್ಪ್ಯಾನರು ತೆಗೆದು ಚಾಚಿದರು. ಓಬಳೇಶ ಕೈ ಮುಂದೆ ಮಾಡಲಿಲ್ಲ.

"ಸೋರೋದು ನಿಂತಿದೆ ಉಸ್ತಾದ್. ಆದ್ರೆ ಆ ಎರಡು ಹೆಜ್ಜೆ ನೋಡಿ. ನಾಲ್ಕು ದಿನದ ಬಿಸಿಲಿಗೂ ಒಣಗಿಲ್ಲ."

ಉಸ್ತಾದರು ಆ ಹೆಜ್ಜೆಗಳನ್ನು ನೋಡಿದರು. ಸ್ಪ್ಯಾನರನ್ನು ಅವನ ಅಂಗೈಯಲ್ಲಿಟ್ಟು ಬೆರಳು ಮಡಚಿದರು.

"ಅವು ಕಾಣೋ ತನಕ ನೀನು ಕೆಲಸ ಕದಿಯಲ್ಲ. ಅವು ಒಣಗಿದ ದಿನ ಇದನ್ನ ನನಗೆ ವಾಪಸ್ ತಂದುಕೊಡು."