ಹಸುವಿನ ಹೊಟ್ಟೆಗೆ ಹೆಪ್ಪು

"ಗುರುಗಳೇ, ಯಾರ ಎಂಜಲೂ ಸೋಕದಂತೆ ಬದುಕುವುದು ಹೇಗೆ? ಮೂರು ಹೊತ್ತು ಮೀಯುತ್ತೇನೆ. ಯಾರೊಡನೆಯೂ ಕೂತು ಉಣ್ಣುವುದಿಲ್ಲ. ಆದರೂ ಸಮಾಧಾನವಿಲ್ಲ. ಮಠ ಬಿಟ್ಟು ಬೆಟ್ಟದಲ್ಲಿ ಒಬ್ಬನೇ ಇರೋಣವೆಂದಿದ್ದೇನೆ" ಎಂದ ಶಿಷ್ಯ ಮರಿದೇವ.

"ಮಿಂದು ಮಿಂದು ನಿನ್ನ ಚರ್ಮ ಸವೆದದ್ದಷ್ಟೇ ಬಂತು. ಒಂದು ಕತೆ ಕೇಳು" ಎಂದು ಗುರುಗಳು ನಕ್ಕರು.

ಒಬ್ಬ ಅಕ್ಕಿ ವ್ಯಾಪಾರಿಯಿದ್ದ. ಮಹಾ ಮಡಿವಂತ. ಅವನ ಎಳೆಯ ಮೊಮ್ಮಗಳಿಗೆ ತಾಯಿಯಿರಲಿಲ್ಲ. ಮನೆಯ ಹಸುವಿನ ಹಾಲೇ ಅವಳ ಜೀವ. ಬೇರೆ ಹಾಲು ಕೊಟ್ಟರೆ ಕಕ್ಕುತ್ತಿದ್ದಳು. ಒಂದು ದಿನ ಆ ಹಸು ಹಗ್ಗ ಬಿಚ್ಚಿಕೊಂಡು ಹೋಗಿ ಹೊಟ್ಟೆ ಬಿರಿಯುವಷ್ಟು ಅಕ್ಕಿ ತಿಂದಿತು. ಮರುದಿನ ಮೆಲುಕು ನಿಂತಿತು. ಮೂರನೆಯ ದಿನ ಹಾಲು ಬತ್ತಿತು. ಯಾವ ಮದ್ದೂ ನಾಟಲಿಲ್ಲ. ಬರೀ ಗಂಜಿತಿಳಿ ಕುಡಿದು ಕೂಸು ಅತ್ತು ಅತ್ತು ಸೋತಿತು.

ದನ ಕಾಯುವ ಮುದುಕಿಯೊಬ್ಬಳು ಬಂದು ಹಸುವಿನ ಪಕ್ಕೆಗೆ ಕಿವಿಯಿಟ್ಟಳು.

"ಒಳಗೆ ಸದ್ದೇ ಇಲ್ಲವಲ್ಲ ಧಣಿ. ಅಗೋ, ಗಾಣದ ಎತ್ತು ಮೆಲುಕು ಹಾಕ್ತಾ ನಿಂತದೆ. ಅದರ ಬಾಯಿಂದ ಒಂದು ಹಿಡಿ ತೆಗೆದು ಇದಕ್ಕೆ ಕುಡಿಸ್ತೀನಿ."

"ಛೀ! ಕಂಡವರ ಎತ್ತಿನ ಎಂಜಲು ನನ್ನ ಹಸುವಿಗೆ?"

"ಹುಲ್ಲು ಅರಗಿಸೋದು ಹಸು ಅಂದ್ಕೊಂಡ್ರಾ? ಅದರ ಹೊಟ್ಟೇಲಿ ಕಣ್ಣಿಗೆ ಕಾಣದ ಜೀವಗಳವೆ, ಲೆಕ್ಕ ಇಲ್ಲದಷ್ಟು. ಅವು ತಿಂದು ಬಿಟ್ಟಿದ್ದೇ ಇದರ ಊಟ. ತಿಂದ ಅಕ್ಕಿ ಹುಳಿಯಾಗಿ ಈಗ ಅವು ಸತ್ತವೆ. ಹಾಲಿಗೆ ಹಾಕೋ ಹಾಗೆ ಹೊಟ್ಟೆಗೂ ಹೆಪ್ಪು ಹಾಕ್ಬೇಕು."

ಮನೆಯೊಳಗೆ ಕೂಸು ನರಳಿತು. ವ್ಯಾಪಾರಿ ಮುಖ ತಿರುಗಿಸಿಕೊಂಡು "ಹಾಕು" ಎಂದ. ಮುದುಕಿ ಎತ್ತಿನ ದವಡೆಯಿಂದ ಮೆಲುಕು ತೆಗೆದು, ಬೆಚ್ಚಗಿನ ನೀರಿನಲ್ಲಿ ಕದಡಿ, ಬಿದಿರಿನ ಗೊಟ್ಟದಿಂದ ಹಸುವಿನ ಗಂಟಲಿಗೆ ಇಳಿಸಿದಳು.

ಎರಡು ದಿನ ಕಳೆಯಿತು. ಹಸು ಹುಲ್ಲಿಗೆ ಬಾಯಿ ಹಾಕಿತು. ವ್ಯಾಪಾರಿ ತಾನೇ ಹೋಗಿ ಅದರ ಪಕ್ಕೆಗೆ ಕಿವಿಯಿಟ್ಟ. ಒಂದು ಊರಿಗೆ ಊರೇ ಎದ್ದು ಕೆಲಸಕ್ಕೆ ಹೊರಟಂತಹ ಸದ್ದು. ಇಷ್ಟು ವರ್ಷ ಒಂದು ಹಸುವನ್ನು ಸಾಕಿದ್ದೇನೆಂದು ತಿಳಿದಿದ್ದ ಅವನು, ಅಷ್ಟು ಜೀವಗಳ ಮುಂದೆ ಏನು ಮಾಡಬೇಕೆಂದು ತಿಳಿಯದೆ ಕೈಮುಗಿದು ನಿಂತ. ವಾರದೊಳಗೆ ಹಾಲು ಬಂತು, ಕೂಸು ಉಳಿಯಿತು.

ಗುರುಗಳು ಕತೆ ನಿಲ್ಲಿಸಿದರು.

"ಅದು ಪಶುವಿನ ಮಾತಾಯಿತು" ಎಂದ ಮರಿದೇವ.

"ನಿನ್ನ ತಾಯಿ ಹೆರುವಾಗಲೇ ನಿನಗೂ ಹೆಪ್ಪು ಹಾಕಿದ್ದಾಳಪ್ಪ, ನೀನು ಒಬ್ಬನೇ ಕೂತು ಉಂಡಾಗಲೂ ನಿನ್ನ ಹೊಟ್ಟೆಯಲ್ಲಿ ದೊಡ್ಡ ಪಂಕ್ತಿಯೇ ಕೂತಿರುತ್ತದೆ."